ಬೀಗರ ಜೀಪಿನ ಬಾಣಂತನ

ನಮ್ಮ ಬೀಗರು ಅರವತ್ತು ವರ್ಷದ ಬದುಕಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಇದನ್ನು ಹೇಳಿದವರು ಯಾರು ಅಂತೀರಾ? ಅವರೇ!

ಮಗಳ ಮಾವ ಅಂದಮೇಲೆ ನಾನು ಒಪ್ಪದೆ ಇರೋದಕ್ಕಾಗುತ್ತಾ? ಒಮ್ಮೆ ತುಮಕೂರಿನಲ್ಲಿ ನೆಂಟರ ಮದುವೆಗೆಂದು ಹೋದವರು ಪಕ್ಕದ ಛತ್ರಕ್ಕೆ ನುಗ್ಗಿ, ಗುರುತು ಪರಿಚಯವಿಲ್ಲದ ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಎರಡು ಸಲ ಹೋಳಿಗೆ ಬಡಿಸಿಕೊಂಡು ಉಂಡು ಬಂದರು. ಕೇಳಿದರೆ ಏನೆಂದರು ಗೊತ್ತಾ? "ನಾನು ಸರಿಯಾಗೇ ಹೋದೆ. ಮದುವೆಯೋರೇ ತಪ್ಪು ಛತ್ರ ಹಿಡಿದವ್ರೆ!"

ಅಮೃತೂರಿನಲ್ಲಿ ಅವರಿಗೆ ಮನೆ, ಹೆಂಡತಿ, ಮಗ, ತೆಂಗಿನ ತೋಟ ಎಲ್ಲ ಇದ್ದವು. ಆದರೆ ಜೀವ ಇದ್ದದ್ದು ಮಾತ್ರ ಒಂದು ಹಳೇ ಡೀಸೆಲ್ ಜೀಪಿನಲ್ಲಿ. ನನ್ನ ಮಗಳು ಹೆರಿಗೆಗೆ ಗುಬ್ಬಿಗೆ ಬಂದು, ನನಗೆ ಮೊದಲ ಮೊಮ್ಮಗ ಹುಟ್ಟಿದನಲ್ಲ, ಅದೇ ಸಮಯದಲ್ಲಿ ಬೀಗರು ಜೀಪಿನ ಎಂಜಿನ್ನನ್ನು ತುಮಕೂರಿನ ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದರು. ಹೊಸ ಪಿಸ್ಟನ್, ಹೊಸ ರಿಂಗು! ಯಾಕೆ? "ನನ್ನ ಮೊಮ್ಮಗ ಮೊದಲ್ನೇ ಸಲ ನಮ್ಮನೆಗೆ ಬರೋದು ಬಸ್ಸಲ್ಲಲ್ಲ, ನನ್ನ ಜೀಪಲ್ಲಿ!"

ಐದನೇ ತಿಂಗಳಿಗೆ ಬಾಣಂತಿ, ಮಗುವನ್ನು ಕರೆದೊಯ್ಯಲು ಬಂದರು ನೋಡಿ. ಬೆಳಿಗ್ಗೆ ಅಮೃತೂರು ಬಿಟ್ಟವರು ಗುಬ್ಬಿ ಸೇರುವಾಗ ಸಂಜೆ! ದಾರಿಯಲ್ಲಿ ಸೈಕಲ್ಲಿನವರೂ ಹಿಂದೆ ಹಾಕಿದರಂತೆ. ನನಗೆ ಗಾಬರಿಯಾಗಿ ಕೇಳಿದರೆ ಅಂಗಳದಲ್ಲೇ ಬಾನೆಟ್ ಎತ್ತಿ ಪಾಠ ಶುರು ಮಾಡಿದರು.

"ಹೊಸದಾಗಿ ಕಟ್ಟಿದ ಎಂಜಿನ್ನು ಅಂದ್ರೆ ಹಸಿ ಬಾಣಂತಿ ಇದ್ದಂಗೆ ಬೀಗಿತ್ತಿಯೋರೇ. ಜೋರಾಗಿ ಓಡಿಸ್ಬಾರ್ದು, ಭಾರ ಹೊರಿಸ್ಬಾರ್ದು, ಧೂಳು ಸೋಕ್ಬಾರ್ದು."

ಹೇಳಿದ್ದಷ್ಟೇ ಅಲ್ಲ, ನಮ್ಮ ಮನೆಯ ಒಳ್ಳೇ ಕಂಬಳಿ ಕೇಳಿ ಇಸಕೊಂಡು ಬಾನೆಟ್ಟಿಗೆ ಹೊದಿಸಿದರು. ತಾವು ಚಾಪೆಯ ಮೇಲೆ ಮುದುರಿಕೊಂಡರು!

ನನಗೂ ಹೆಣ್ಣುಕರುಳು ನೋಡಿ. ಓದಿದ್ದು ಮೂರನೇ ಕ್ಲಾಸಾದರೂ ಬಾಣಂತನ ಮಾಡಿದ್ದು ಎಂಟು. ಬೆಳಿಗ್ಗೆ ಪ್ರಯಾಣಕ್ಕೆ ಅಂತ ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಮಗುವಿಗೂ ಟೋಪಿ ಹಾಕಿ ಅಂಗಳಕ್ಕೆ ಬಂದೆ. ಜೀಪಿನ ಮುಂದೆ ರಂಗೋಲಿ ಹಾಕಲು ಬಗ್ಗಿದರೆ, ಎಂಜಿನ್ನಿನಿಂದ ಕೆಳಗಿಳಿದ ಒಂದು ಪೈಪು ಆ ಅಂತ ಬಾಯಿ ತೆರೆದುಕೊಂಡು ನಿಂತಿದೆ! ಇಷ್ಟು ಉಪಚಾರ ಮಾಡಿದ ಗಂಡಸಿಗೆ ಇದು ಕಾಣಲಿಲ್ಲವಲ್ಲ ಅನ್ನಿಸಿತು. ಗಾಳಿ ನುಗ್ಗಿದರೆ ಬಾಣಂತಿಯ ಗತಿಯೇನು? ಮಗುವಿಗೆ ಅಂತ ಹರಿದಿಟ್ಟಿದ್ದ ನನ್ನ ಹಸಿರು ಸೀರೆಯ ತುಂಡನ್ನು ಉಂಡೆ ಮಾಡಿ ಬೆರಳಿನಿಂದ ಗಟ್ಟಿಯಾಗಿ ತುರುಕಿದೆ. ಯಾರಿಗೂ ಹೇಳಲಿಲ್ಲ. ಮಾಡಿದ ಪುಣ್ಯವನ್ನು ಹೇಳಿಕೊಂಡು ತಿರುಗುವ ಬುದ್ಧಿ ನನ್ನದಲ್ಲ!

ಮಗಳು, ಮಗು, ನಾನು ಹತ್ತಿದೆವು. ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ, ಹಿಂದಿನ ರಸ್ತೆಯೇ ಮಾಯ! ಹೊಗೆ ಅಂದರೆ ಹೊಗೆ. ಮುಂದೆ ನೋಡಿದರೆ ಬಾನೆಟ್ಟಿನ ಸಂದುಸಂದಿನಿಂದ ಆಯಿಲ್ಲು ಚಿಮ್ಮುತ್ತಿದೆ. ಬೀಗರು ಕೆಳಗಿಳಿದು ಹೊಗೆಯನ್ನು ಮೂಸಿದರು.

"ಬಿಳಿ ಹೊಗೆ ಆದ್ರೆ ನೀರು ಸೇರೈತೆ ಅಂತ. ಕಪ್ಪಾದ್ರೆ ಡೀಸೆಲ್ ಜಾಸ್ತಿ. ಇದು ನೀಲಿ! ಆಯಿಲ್ ಉರೀತಾ ಐತೆ!"

"ಯಾರ ತಪ್ಪು ಬೀಗರೇ?"

"ಗ್ಯಾರೇಜಿನೋನ್ದು! ಆಯಿಲ್ ಅಂಗಡಿಯೋನ್ದು! ನಿಮ್ಮೂರ್ ರಸ್ತೇದು!"

ಆ ಹೊಗೆಯಲ್ಲೇ ಮನೆಗೆ ವಾಪಸ್ಸಾದೆವು. ಎದುರು ಮನೆ ಜಯಮ್ಮ ಮೂಗಿಗೆ ಸೆರಗು ಹಿಡಿದು, "ಏನಕ್ಕಾ, ಪುರಸಭೆಯೋರು ಸೊಳ್ಳೆಗೆ ಹೊಗೆ ಹೊಡೆಯೋಕೆ ಬಂದವ್ರಾ?" ಅಂತ ಕೂಗಿದಳು. ಬೀಗರ ಮುಖ ನೋಡಬೇಕಿತ್ತು!

"ಈ ಹೊಗೆ ಗಾಡಿಗೆ ನಾನು ಮಗೂನ ಹತ್ತಿಸಲ್ಲ," ಅಂದೆ.

"ಬಸ್ಸಲ್ಲಿ ನಾನು ಕರ್ಕೊಂಡು ಹೋಗಲ್ಲ," ಅಂದರು.

ಅಲ್ಲಿಗೆ ಪ್ರಯಾಣ ನಿಂತಿತು. ನಿಜ ಹೇಳಲಾ? ನನ್ನ ಒಳಗೆ ಹಬ್ಬ! ಮಗು ಇನ್ನೂ ನನ್ನ ತೊಡೆಯ ಮೇಲೇ ಇರುತ್ತಲ್ಲ! ಅದು ಆಗ ತಾನೆ ನನ್ನ ಮೂಗುಬೊಟ್ಟು ಹಿಡಿದು ಎಳೆಯಲು ಕಲಿತಿತ್ತು.

ಅವತ್ತೇ ಮಧ್ಯಾಹ್ನ ಬೀಗರು ಆಯಿಲ್ಲು ಜಾಸ್ತಿ ಇರಬೇಕೆಂದು ಅಳತೆ ಕಡ್ಡಿ ಎಳೆದು ನೋಡಿದರು. ಅಳತೆ ಸರಿಯಾಗಿತ್ತು. ರಿಂಗು ಬುಡಮೇಲಾಗಿರಬಹುದು ಅಂದರು. ಮರುದಿನ ಜೀಪಿನಡಿ ನುಸುಳಿದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಸತ್ತೇ ಹೋದರೇನೋ ಅಂತ ನಾನು ಕಾಲು ಹಿಡಿದು ಎಳೆಯುವವಳಿದ್ದೆ! ಕೊನೆಗೆ ಎದ್ದು ಬಂದರು. ಮಗುವನ್ನು ಎತ್ತಿಕೊಂಡಿದ್ದ ನನ್ನನ್ನು ಒಂದು ಥರಾ ನೋಡಿದರು.

"ಸಣ್ಣ ಕೆಲ್ಸ ಅಲ್ಲ ಬೀಗಿತ್ತಿಯೋರೇ. ಹತ್ತು ದಿನ ಆದ್ರೂ ಬೇಕು."

ಆಮೇಲಿನ ಹತ್ತು ದಿನದ ರಿಪೇರಿಯನ್ನು ಏನು ಹೇಳಲಿ! ದಿನವೂ ಅದೇ ನಾಲ್ಕು ಬೋಲ್ಟು ಬಿಚ್ಚುತ್ತಿದ್ದರು, ಅದೇ ನಾಲ್ಕು ಬೋಲ್ಟು ತಿರುಗಿಸುತ್ತಿದ್ದರು. ರಿಂಗು ತರುತ್ತೇನೆಂದು ತುಮಕೂರಿಗೆ ಬಸ್ಸು ಹತ್ತಿದವರು ಗಿಲಕಿ ತಂದರು. ಮತ್ತೆ ಹೋದರು, ಕುಲಾವಿ ತಂದರು. ಇಂಥ ಮೆಕ್ಯಾನಿಕ್ಕನ್ನು ಎಲ್ಲಾದರೂ ಕಂಡಿದ್ದೀರಾ? ಎಸ್‌ಟಿಡಿ ಬೂತಿನಿಂದ ಹೆಂಡತಿಗೆ, "ಇನ್ನೂ ಹೊಗೆ ಕಣೇ, ನೀಲಿ ಹೊಗೆ!" ಅಂತ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರು. ಜೀಪು ಮಾತ್ರ ಸ್ಟಾರ್ಟೇ ಆಗಿರಲಿಲ್ಲ!

ಹನ್ನೊಂದನೇ ದಿನ ಕೀಲಿ ತಿರುಗಿಸಿದರು. ಊದಿನಕಡ್ಡಿಯಷ್ಟೂ ಹೊಗೆಯಿಲ್ಲ! ಗುಬ್ಬಿ, ತುಮಕೂರು, ಕುಣಿಗಲ್ ಎಲ್ಲ ದಾಟಿ ಅಮೃತೂರು ಮುಟ್ಟಿದೆವು. ಆರತಿ ಎತ್ತಿ ಮಗುವನ್ನು ಒಳಗೆ ಕರೆದುಕೊಂಡ ಮೇಲೆ ಬೀಗರ ಹೆಂಡತಿ ಕೇಳಿಯೇಬಿಟ್ಟರು.

"ಅಲ್ರೀ, ಹತ್ ದಿನ ಏನಾಗಿತ್ತು ಅದಕ್ಕೆ?"

"ರಿಂಗ್ ತಿರುಗಾಮುರುಗಾ ಹಾಕ್ಸಿದ್ದೆ. ನಂದೇ ತಪ್ಪು."

ಆಯಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ಠಣ್ ಅಂತ ನೆಲಕ್ಕೆ ಬಿತ್ತು! ನಮ್ಮ ಅಳಿಯ ಅಪ್ಪನ ಹಣೆ ಮುಟ್ಟಿ ಜ್ವರ ನೋಡಿದ.

ಮರುದಿನ ನಾನು ಊರಿಗೆ ಹೊರಟಾಗ ಬೀಗರೇ ಬಸ್‌ಸ್ಟ್ಯಾಂಡಿಗೆ ಬಂದರು. ಜೇಬಿನಿಂದ ಏನೋ ತೆಗೆದು ನನ್ನ ಕೈಗಿಟ್ಟರು. ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿದ ಹಸಿರು ಸೀರೆಯ ತುಂಡು! ಆಯಿಲ್ಲಿನ ಕಲೆ ಮಾತ್ರ ಹೋಗಿರಲಿಲ್ಲ.

"ಎಂಜಿನ್ನು ಉಸಿರು ಬಿಡೋ ಪೈಪು ಅದು," ಅಂದರು ಮೆಲ್ಲಗೆ. "ಉಸಿರು ಕಟ್ಟಿದ್ರೆ ಆಯಿಲ್ ಕಕ್ಕುತ್ತೆ. ಎರಡ್ನೇ ದಿನಾನೇ ಸಿಕ್ತು. ಮಗೂನ ಕಳಿಸೋಕೆ ಮನಸ್ಸಿಲ್ಲ ಅಂತ ಬಾಯ್ಬಿಟ್ಟು ಹೇಳಿದ್ರೆ ನಾನು ಬ್ಯಾಡ ಅಂತಿದ್ನಾ? ಪಾಪದ್ ಎಂಜಿನ್ ಏನ್ ಮಾಡಿತ್ತು?"

ಹೊಗೆ ಎಬ್ಬಿಸಿದ್ದು ನಾನಾ! "ಅಯ್ಯೋ ಬೀಗರೇ, ನೀವೇ ಬಾಣಂತಿ ಅಂದ್ರಲ್ಲ..." ಎಂಬ ಮಾತು ಗಂಟಲಿಗೆ ಬಂತು. ಅವರು ತಿಳಿದದ್ದು ತಪ್ಪು, ಶುದ್ಧ ತಪ್ಪು! ಆದರೂ ಆ ಹತ್ತು ದಿನವನ್ನು ಆಚೆ ಮುಖ ಮಾಡಿಕೊಂಡು ನನ್ನ ಮಡಿಲಿಗೆ ಹಾಕಿದ ಮನುಷ್ಯನಿಗೆ ಅದನ್ನು ಹೇಗೆ ಹೇಳಲಿ?

"ತಪ್ಪಾಯ್ತು ಬೀಗರೇ," ಅಂದೆ. ಕಣ್ಣೊರೆಸಿಕೊಳ್ಳಲು ಆ ತುಂಡೇ ಆಯಿತು.

ಮೂರು ತಿಂಗಳಾದ ಮೇಲೆ ಮಗಳನ್ನೂ ಮಗುವನ್ನೂ ಅದೇ ಜೀಪಿನಲ್ಲಿ ಗುಬ್ಬಿಗೆ ಕರೆತಂದರು. ಎರಡು ದಿನವಿದ್ದು, ಹೊರಡುವ ಬೆಳಿಗ್ಗೆ ಸಾಮಾನೆಲ್ಲ ಏರಿಸಿ ಆದಮೇಲೆ ಬೀಗರು ಆಕಾಶ ನೋಡುತ್ತಾ ನಿಂತರು.

"ಬೀಗಿತ್ತಿಯೋರೇ, ನಾನು ಹಂಗೇ ಸರ್ಕಲ್ ತಾವ ಹೋಗಿ ಕಾಫಿ ಕುಡ್ಕೊಂಡ್ ಬತ್ತೀನಿ. ಅರ್ಧ ಗಂಟೆ ಆಗುತ್ತೆ. ಜೀಪು ಇಲ್ಲೇ ಇರುತ್ತೆ."

ನಮ್ಮ ಮನೆಯಲ್ಲಿ ಹಳೇ ಸೀರೆಗೇನು ಬರವೇ!