ಸುಲ್ತಾನನಿಗೆ ಇರುವೆಯೇ ಬೇಕು

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ನನಗಿರುವುದು ‘ಆಯ್ತು’ ಎನ್ನುವ ಕಾಯಿಲೆ. ಯಾರು ಏನು ಕೇಳಿದರೂ ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿಂದ ‘ಆಯ್ತು, ಅದಕ್ಕೇನಂತೆ’ ಎಂದು ಹೊರಟುಬಿಡುತ್ತದೆ. ದೋಹಾದಂಥ ಊರಿನಲ್ಲಿ ಈ ಕಾಯಿಲೆ ಇದ್ದವನ ಗತಿ ಏನಾಗುತ್ತದೆಂದು ತಿಳಿಯಬೇಕಾದರೆ ಜುಲೈ ತಿಂಗಳಲ್ಲಿ ಅಲ್ ಮನ್ಸೂರಾದ ನಮ್ಮ ಬಿಲ್ಡಿಂಗಿಗೆ ಬಂದು, ನನ್ನ ಮನೆಯ ಬಾಗಿಲ ಹಿಂದೆ ನೇತಾಡುವ ಬೀಗದ ಕೈಗಳ ಗೊಂಚಲನ್ನು ನೋಡಬೇಕು. ಶಾಲೆಗೆ ರಜೆ ಸಿಕ್ಕಿದ್ದೇ ತಡ, ಇಲ್ಲಿಯ ಸಂಸಾರಗಳೆಲ್ಲ ಊರಿಗೆ ಹೊರಡುತ್ತವೆ. ನಮ್ಮ ಮಗಳು ಓದುತ್ತಿರುವುದೇ ಊರಿನಲ್ಲಾದ್ದರಿಂದ ನಮಗೆ ಶಾಲೆಯ ರಜೆಯ ಹಂಗಿಲ್ಲ. ನಾವು ಹೋಗುವುದು ಡಿಸೆಂಬರಿನಲ್ಲಿ, ಕುಟುಂಬದ ದೈವದ ನೇಮದ ಹೊತ್ತಿಗೆ. ಹಾಗಾಗಿ ಬೇಸಿಗೆಯಲ್ಲಿ ಬಿಲ್ಡಿಂಗಿಗೆಲ್ಲ ಉಳಿಯುವ ನಂಬಿಗಸ್ತ ಮನುಷ್ಯ ನಾನೊಬ್ಬನೇ. ಎರಡನೇ ಮಹಡಿಯ ತುಳಸಿಗೆ ನೀರು ಹಾಕುವವನು ನಾನು, ನಾಲ್ಕನೇ ಮಹಡಿಯ ಕಾರನ್ನು ಬ್ಯಾಟರಿ ಸಾಯದ ಹಾಗೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವವನು ನಾನು. ಒಂದು ವರ್ಷ ಒಬ್ಬರ ಅಕ್ವೇರಿಯಮ್ಮಿನ ಮೀನು ನನ್ನ ವಶದಲ್ಲಿರುವಾಗಲೇ ಸತ್ತುಹೋಯಿತು. ಅಂಥದ್ದೇ ಇನ್ನೊಂದನ್ನು ತಂದು ಬಿಟ್ಟೆ. ಅವರು ಊರಿಂದ ಬಂದು, “ನಿಮ್ಮ ಕೈಗುಣ ಶೆಟ್ರೇ, ಮೀನು ಎಷ್ಟು ಚುರುಕಾಗಿದೆ ನೋಡಿ!” ಎಂದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದೇ ತಿಳಿದರು.

ಈ ಸಲ ಬಂದವರು ಮೇಲಿನ ಮನೆಯ ಹಮೀದಾಕ. ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಅತ್ತರಿನ ಅಂಗಡಿ ಇಟ್ಟು ದೋಹಾದಲ್ಲಿ ನನಗಿಂತ ಎಷ್ಟೋ ಮೊದಲೇ ಬೇರೂರಿದವರು. ಕೈಯಲ್ಲಿ ಟವೆಲ್ ಮುಚ್ಚಿದ ಗಾಜಿನ ಪೆಟ್ಟಿಗೆ, ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಶಿಫಾ. “ಶೆಟ್ರೇ, ಆರು ವಾರ ಅಷ್ಟೆ. ಒಂದು ಸಣ್ಣ ಜೀವ ಉಂಟು. ಕೂಗುದಿಲ್ಲ, ಓಡುದಿಲ್ಲ, ಉಪದ್ರ ಏನೂ ಇಲ್ಲ” ಎಂದರು. ನಾನು ‘ಆಯ್ತು’ ಎಂದ ಮೇಲೆ ಟವೆಲ್ ತೆಗೆದರು. ನೋಡಿ ಎರಡು ಹೆಜ್ಜೆ ಹಿಂದೆ ಹಾರಿದೆ. ಅಂಗೈಯಗಲದ ಚಪ್ಪಟೆ ಮೈ, ಮೈತುಂಬ ಮುಳ್ಳು, ತಲೆಯ ಹಿಂದೆ ಸಾಲಾಗಿ ಕೊಂಬುಗಳು. ಹಲಸಿನ ಸಿಪ್ಪೆಯ ತುಂಡಿಗೆ ಕಣ್ಣು ಬಂದು ನನ್ನನ್ನೇ ನೋಡುತ್ತಿರುವ ಹಾಗಿತ್ತು.

“ಇವನ ನೇಮ್ ಸುಲ್ತಾನ್, ಅಂಕಲ್. ಹಾರ್ನ್ಡ್ ಲಿಝಾರ್ಡ್” ಎಂದು ಶಿಫಾ ಪರಿಚಯ ಮಾಡಿಸಿದಳು. “ಇವ ಆಂಟ್ಸ್ ಮಾತ್ರ ತಿನ್ನುದು. ಬಿಗ್ ಬ್ಲ್ಯಾಕ್ ಆಂಟ್ಸ್. ಅದು ಮೂವ್ ಆಗ್ತಾ ಇರ್ಬೇಕು.”

“ಇರುವೆಯಾ? ಬರೀ ಇರುವೆಯಾ?” ಎಂದೆ. ನಮ್ಮೂರಿನ ಬೇಲಿಯ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತ ಕಂಡದ್ದನ್ನೆಲ್ಲ ತಿನ್ನುವುದನ್ನು ನೋಡಿದವನು ನಾನು. ಕೊಂಬು ಬಂದ ಮಾತ್ರಕ್ಕೆ ಇಷ್ಟು ನಖರೆಯೇ?

ಶಿಫಾಳ ಕ್ಲಾಸ್‌ಮೇಟಿನ ಮನೆಯವರು ದೋಹಾ ಬಿಟ್ಟು ಹೋಗುವಾಗ ಇದನ್ನು ಇವರ ಬಾಗಿಲಿಗೆ ತಂದಿದ್ದರಂತೆ. “ಎಂತ ಮಾಡುದು, ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ ಮಾರಾಯ್ರೇ” ಎಂದರು ಹಮೀದಾಕ. ನನ್ನ ಕಾಯಿಲೆ ಅಂಟುಜಾಡ್ಯವೆಂದು ಗೊತ್ತಾದದ್ದು ಆಗಲೇ. ಸದ್ಯಕ್ಕೆ ಎರಡು ಬಾಟಲಿ ಇರುವೆ ಇದೆ, ಮುಗಿಯುವ ಹೊತ್ತಿಗೆ ಊರಾಚೆಯ ಗೆಳೆಯರ ತೋಟದ ಕಾವಲುಗಾರ ಇನ್ನಷ್ಟು ಹಿಡಿದು ಕಳಿಸುತ್ತಾನೆ ಎಂದರು. ಅವರ ಮನೆಗೆ ಮರುದಿನ ಜಿರಳೆಗೆ ಔಷಧಿ ಹೊಡೆಯುವವರು ಬರುವುದಿತ್ತು. ಬಾಗಿಲು ತೆರೆದುಕೊಡಲು ಬೀಗದ ಕೈಯನ್ನೂ ಕೊಟ್ಟರು. ಶಿಫಾ ಮಾತ್ರ ಗಾಜಿಗೆ ಮೂಗು ಒತ್ತಿ ನಿಂತವಳು ಅಲುಗಲಿಲ್ಲ. ಕಣ್ಣಲ್ಲಿ ನೀರು. “ನಾನು ಬರುವಾಗ ಇವ ಇರ್ತಾನೆ ಅಂತ ಪ್ರಾಮಿಸ್ ಮಾಡಿ, ಅಂಕಲ್” ಎಂದು ಕೈ ಚಾಚಿದಳು. ಆ ಪುಟ್ಟ ಕೈಯ ಮೇಲೆ ನನ್ನ ಕೈಯಿಟ್ಟು ಪ್ರಾಮಿಸ್ ಮಾಡಿದೆ.

ನನ್ನ ಹೆಂಡತಿ ಶಶಿಕಲಾ ಸಂಜೆ ಕೆಲಸ ಮುಗಿಸಿ ಬಂದಾಗ ಊಟದ ಮೇಜಿನ ಮೇಲೆ ಸುಲ್ತಾನ, ಪಕ್ಕದಲ್ಲಿ ಬುಳುಬುಳು ಎನ್ನುವ ಎರಡು ಬಾಟಲಿ. ಅವಳು ಕೂಗಿದ ಕೂಗಿಗೆ ವಾಚ್‌ಮ್ಯಾನ್ ಮೇಲೆ ಬಂದ. “ಇರುವೆ ಓಡಿಸಿ ಓಡಿಸಿ ನನ್ನ ಅರ್ಧ ಆಯುಷ್ಯ ಹೋಯ್ತು. ಈಗ ನೀವು ಬಾಟ್ಲಿಯಲ್ಲಿ ತುಂಬಿಸಿ ತಂದಿದ್ದೀರಾ? ಒಂದೇ ಒಂದು ಇರುವೆ ಹೊರಗೆ ಬಂದ್ರೆ ನೀವು, ಇದು, ಆ ಬಾಟ್ಲಿ, ಎಲ್ಲ ಬಾಲ್ಕನಿಯಲ್ಲಿ ಮಲಗುದು, ಗೊತ್ತಾಯ್ತಲ್ಲ?” ಗೊತ್ತಾಯಿತು. ಜುಲೈಯಲ್ಲಿ ದೋಹಾದ ಬಾಲ್ಕನಿಯೆಂದರೆ ಕಾದ ಕಾವಲಿ.

ಬಾಲ್ಕನಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಸುಲ್ತಾನನಿಗೆ ಬಿಸಿಲು ಬೇಕು. ಹೊರಗೆ ಬೆಂಕಿ ಸುರಿಯುತ್ತಿದೆ. ಆ ಬೆಂಕಿಯಿಂದ ತಪ್ಪಿಸಿಕೊಳ್ಳಲು ನಾವು ಹಗಲಿಡೀ ಏಸಿ ಹಾಕಿದ್ದೇವೆ. ಆ ಏಸಿಯ ತಂಪಿನಿಂದ ತಪ್ಪಿಸಿಕೊಳ್ಳಲು ಸುಲ್ತಾನನಿಗೊಂದು ಬಿಸಿ ಬಲ್ಬು. ಬಲ್ಬಿನ ಕಾವಿಗೆ ಕೋಣೆ ಬಿಸಿಯಾಯಿತೆಂದು ಶಶಿಕಲಾ ಏಸಿಯನ್ನು ಇನ್ನಷ್ಟು ತಗ್ಗಿಸುತ್ತಾಳೆ. ನಾನು ಶಾಲು ಹೊದ್ದು, ಬೆವರುವ ಊರಿನಲ್ಲಿ ನಡುಗುತ್ತ, ಮೊಬೈಲಿನಲ್ಲಿ ಇವನ ಕುಲಗೋತ್ರ ಓದಿದೆ. ಇವರ ತವರು ಅಮೆರಿಕ, ಮೆಕ್ಸಿಕೋಗಳ ಮರಳುಗಾಡು. ಅಲ್ಲಿ ಇರುವೆಗಳ ದಾರಿಯ ಪಕ್ಕದಲ್ಲಿ ನೆಲದ ಬಣ್ಣವಾಗಿ ಬಿದ್ದುಕೊಂಡು, ಹೋಗುವ ಬರುವ ಇರುವೆಗಳನ್ನು ನಾಲಗೆಯಿಂದ ಒಂದೊಂದಾಗಿ ಎತ್ತಿಕೊಳ್ಳುವುದೇ ದಿನದ ಕೆಲಸ. ಹತ್ತಿಪ್ಪತ್ತು ಇರುವೆ ಬಾಯಿ ಒದ್ದೆ ಮಾಡಲೂ ಸಾಲದು. ಶತ್ರು ಬಂದರೆ ಓಡುವುದಿಲ್ಲ, ಮೈ ಉಬ್ಬಿಸಿ ಮುಳ್ಳು ನಿಗುರಿಸಿ ಕೂತುಬಿಡುತ್ತದೆ. ಆ ಪುಟದ ಕೊನೆಯಲ್ಲಿ ಬರೆದದ್ದನ್ನು ಎರಡೆರಡು ಸಲ ಓದಿದೆ: ಸರಿಯಾದ ಇರುವೆ ಸಿಗದೆ, ಹಿಡಿದು ಸಾಕಿದವರ ಮನೆಯಲ್ಲಿ ಇವು ಹೆಚ್ಚಾಗಿ ಸೊರಗಿ ಸಾಯುತ್ತವೆ, ದಯವಿಟ್ಟು ಸಾಕಬೇಡಿ. ಪ್ರಾಮಿಸ್ ಮಾಡುವ ಮೊದಲು ಇದನ್ನು ಓದಬೇಕಿತ್ತು. ಗಾಬರಿಯಲ್ಲಿ ಮೊಬೈಲ್ ಮುಚ್ಚಿಟ್ಟೆ, ಮುಂದಿನ ಪುಟ ನೋಡಲಿಲ್ಲ. ಅದೇ ನಾನು ಮಾಡಿದ ತಪ್ಪು.

ಒಂಬತ್ತನೇ ದಿನ ಬಾಟಲಿಗಳು ಖಾಲಿಯಾದವು. ತೋಟಕ್ಕೆ ಫೋನ್ ಮಾಡಿದರೆ, ಇರುವೆ ಹಿಡಿಯಬೇಕಾದ ಕಾವಲುಗಾರನೇ ಊರಿಗೆ ಹೋಗಿದ್ದಾನೆ! ಅವನ ಬೀಗದ ಕೈ ಯಾವ ಪುಣ್ಯಾತ್ಮನ ಹತ್ತಿರ ಇದೆಯೋ. ಬೇಯಿಸಿದ ಮೊಟ್ಟೆ ಇಟ್ಟೆ, ಒಣ ಸಿಗಡಿ ಪುಡಿ ಮಾಡಿ ಇಟ್ಟೆ, ದಾರಕ್ಕೆ ಅನ್ನದ ಅಗುಳು ಕಟ್ಟಿ ಇರುವೆಯ ಹಾಗೆ ಎಳೆದೂ ನೋಡಿದೆ. ಸುಲ್ತಾನ ಒಂದು ಸಲ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡ. ಹೀಗೆ ಎರಡು ದಿನ. ನಮ್ಮ ಮನೆಯಲ್ಲಿ ಶಶಿಕಲಾಳ ದೆಸೆಯಿಂದ ಔಷಧಕ್ಕೂ ಒಂದು ಇರುವೆ ಇಲ್ಲ. ಶುಕ್ರವಾರ ಮಧ್ಯಾಹ್ನ ಹಮೀದಾಕನ ಮನೆಯ ನೆನಪಾಯಿತು. ಬೀಗ ತೆರೆದು ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಇರುವೆಗಳ ಸಾಲೇ ಸಾಲು! ಸಣ್ಣವು, ಆದರೆ ಇರುವೆ ಇರುವೆಯೇ. ಅಲ್ಲೇ ಬಿದ್ದಿದ್ದ ಕಾಗದವೊಂದರಲ್ಲಿ ಬಾಚಿ ತಂದು ಪೆಟ್ಟಿಗೆಗೆ ಸುರಿದೆ. ಸುಲ್ತಾನ ಕಣ್ಣು ತೆರೆದ. ನಾಲಗೆ ಹೊರಬಂತು. ಒಂದು, ಎರಡು, ಐದು ಇರುವೆ ತಿಂದ. ನನಗೆ ಎಷ್ಟು ಖುಷಿಯಾಯಿತೆಂದರೆ ಶಶಿಕಲಾಳನ್ನು ಕರೆದು ತೋರಿಸಿದೆ.

ಅವಳು ಇರುವೆಗಳನ್ನು ನೋಡಲಿಲ್ಲ, ನಾನು ಬಾಚಿ ತಂದ ಕಾಗದವನ್ನು ಓದಿದಳು. “ಇದರಲ್ಲಿ ಬರೆದದ್ದು ನೋಡಿದ್ದೀರಾ?” ಎಂದಳು. ಔಷಧಿಯವರು ಬಿಟ್ಟುಹೋದ ಕಾಗದ. ಅಡುಗೆಮನೆಯ ಕಟ್ಟೆಗೆ ಜಿರಳೆಗೂ ಇರುವೆಗೂ ವಿಷದ ಜೆಲ್ ಇಟ್ಟಿದ್ದೇವೆ, ಮುಟ್ಟಬೇಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ನನ್ನದೇ ಸಹಿ! ಲುಸೈಲಿನ ಕಟ್ಟಡ ಕಂಪನಿಯ ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ದಿನಕ್ಕೆ ರಾಶಿ ರಾಶಿ ಕಾಗದಗಳಿಗೆ ಓದದೆ ಸೀಲು ಒತ್ತಿ ಸಹಿ ಹಾಕುವುದೇ ನನ್ನ ಉದ್ಯೋಗ. ಆ ಕೈ ಹಮೀದಾಕನ ಮನೆಯಲ್ಲೂ ಅದನ್ನೇ ಮಾಡಿತ್ತು.

ಮಗುವಿಗೆ ಮಾತು ಕೊಟ್ಟು, ಅವಳ ಪ್ರಾಣಿಗೆ ನನ್ನ ಕೈಯಾರೆ ವಿಷ ತಿನ್ನಿಸಿದ್ದೆ! ಆ ಗಾಬರಿಯಲ್ಲಿ ನನಗೆ ಹೊಳೆದದ್ದು ಒಂದೇ ಉಪಾಯ, ಬಾಯಿ ತೊಳೆಸುವುದು. ಸುಲ್ತಾನನನ್ನು ತಲೆಯ ಹಿಂದೆ ಒತ್ತಿ ಹಿಡಿದು ನಲ್ಲಿಯ ಹತ್ತಿರ ಓಡಿದೆ. ಅವನು ಉಬ್ಬಿದ, ಮುಳ್ಳು ಚುಚ್ಚಿದ, ನಾನು ಬಿಡಲಿಲ್ಲ. “ಬಾಯಿ ತೆಗಿ ಮಾರಾಯ, ಬಾಯಿ ತೆಗಿ!” ಎಂದು ಕೂಗುತ್ತಿರುವಾಗಲೇ ಅವನ ಕಣ್ಣಿನಿಂದ ಚಿರ್ರನೆ ರಕ್ತ ಹಾರಿತು. ಬಾಯಿಂದಲ್ಲ, ಮೂಗಿನಿಂದಲ್ಲ, ಕಣ್ಣಿನಿಂದ! ನನ್ನ ಬಿಳಿ ಅಂಗಿಗೆ ಹಾರಿತು, ಕನ್ನಡಕಕ್ಕೆ ಹಾರಿತು, ಹಿಂದಿದ್ದ ಶಶಿಕಲಾಳ ಕೆನ್ನೆಗೂ ಹಾರಿತು. “ಅಯ್ಯಯ್ಯೋ ದೇವರೇ, ಒಡೆದು ಹೋಯ್ತು!” ಎಂದು ಅವಳು ಚೀರಿ ಸಿಂಕಿನ ಪಕ್ಕದಲ್ಲೇ ಕುಸಿದು ಕೂತಳು.

ಅವನನ್ನು ಟವೆಲಿನಲ್ಲಿ ಸುತ್ತಿ ಟ್ಯಾಕ್ಸಿ ಹತ್ತಿದೆವು. ಡ್ರೈವರ್ ನನ್ನ ಅಂಗಿ ನೋಡಿ, ಶಶಿಕಲಾಳ ಮುಖ ನೋಡಿ, ಹಿಂದಿಯಲ್ಲಿ “ಯಾವ ಆಸ್ಪತ್ರೆ?” ಎಂದ. ಪ್ರಾಣಿಗಳದ್ದು ಎಂದೆ. ಆಮೇಲೆ ದಾರಿಯುದ್ದಕ್ಕೂ ಅವನು ರಸ್ತೆಗಿಂತ ಹೆಚ್ಚು ಕನ್ನಡಿಯನ್ನೇ ನೋಡಿದ.

ಡಾಕ್ಟರು ಮಲಯಾಳಿ ಹೆಂಗಸು. ನನಗೆ ಬರುವ ಮುರುಕು ಮಲಯಾಳದಲ್ಲಿ ಕಣ್ಣು, ರಕ್ತ, ವಿಷ ಎಂದೆ. ಅವರು ಸುಲ್ತಾನನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ನೋಡಿ, “ಕಣ್ಣಿಗೆ ಏನೂ ಆಗಿಲ್ಲ. ಇದು ಇವರ ಕೊನೆಯ ಅಸ್ತ್ರ. ಕಾಡಿನಲ್ಲಿ ನಾಯಿ, ನರಿ, ತೋಳ ಕಚ್ಚಲು ಬಂದರೆ ಹೀಗೆ ರಕ್ತ ಹಾರಿಸುತ್ತವೆ. ಮನುಷ್ಯರ ಮೇಲೆ ಹಾರಿಸುವುದು ಅಪರೂಪ. ನೀವು ಏನು ಮಾಡಿದಿರಿ?” ಎಂದರು.

“ಬಾಯಿ ತೊಳೆಸಿದೆ” ಎಂದೆ.

ಅವರು ಸುಲ್ತಾನನನ್ನು ಮತ್ತೆ ಟವೆಲಿನಲ್ಲಿ ಸುತ್ತಿ ನನ್ನ ಕೈಗಲ್ಲ, ಶಶಿಕಲಾಳ ಕೈಗೆ ಕೊಟ್ಟರು. ಐದು ಇರುವೆಯಲ್ಲಿ ಎಷ್ಟು ವಿಷವಿತ್ತೆಂದು ಹೇಳಲಾಗದು, ಮೂರು ದಿನ ಕಳೆದು ತಿಂದರೆ ಬದುಕಿತು ಅಂತ ತಿಳಿಯಿರಿ, ಆದರೆ ಕಾಳು ಹೊರುವ ದೊಡ್ಡ ಇರುವೆಯನ್ನೇ ಕೊಡಬೇಕು ಎಂದು ಹೇಳಿ ಕಳಿಸಿದರು.

ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಸುಲ್ತಾನ ಬಲ್ಬಿನ ಕೆಳಗೆ ಕಣ್ಣು ಮುಚ್ಚಿ ಬಿದ್ದಿದ್ದ. ಶಿಫಾ ವಿಡಿಯೋ ಕಾಲ್ ಮಾಡಿ “ಸುಲ್ತಾನ್ ತೋರ್ಸಿ ಅಂಕಲ್” ಎಂದಳು. ತೋರಿಸಿದೆ. “ಸ್ಲೀಪಿಂಗಾ?” ಎಂದಳು. ಹೌದು ಎಂದು ಹೇಳಿ ಫೋನ್ ಇಟ್ಟ ಮೇಲೆ, ನಿಜ ಹೇಳುತ್ತೇನೆ, ಐವತ್ತು ದಾಟಿದ ಗಂಡಸು ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ದೊಡ್ಡ ಇರುವೆಯನ್ನು ಕಂಡುಹಿಡಿದವಳು ಶಶಿಕಲಾ. ಬಿಲ್ಡಿಂಗಿನ ಹಿಂದಿನ ಖಾಲಿ ಜಾಗದಲ್ಲಿ ಜನ ಪಾರಿವಾಳಕ್ಕೆ ಕಾಳು ಚೆಲ್ಲುತ್ತಾರಲ್ಲ, ಆ ಕಾಳನ್ನು ಕಪ್ಪು ಇರುವೆಗಳು ಹೊತ್ತುಕೊಂಡು ಹೋಗುವುದನ್ನು ಅವಳು ಎಂದೋ ನೋಡಿಟ್ಟಿದ್ದಳು. ಬಿಸಿಲೇರುವ ಮೊದಲು ಬೆಳಗಿನ ಐದಕ್ಕೇ ಇಳಿದೆವು. ಸೆಕೆಗೆ ಕನ್ನಡಕ ಮಂಜಾಗಿ ನನಗೆ ಇರುವೆ ಕಾಣದು, ಮರಳು ಕಾಣದು. ಅವಳು ಮಾತ್ರ ಸೆರಗು ಬಿಗಿದು ಕುಕ್ಕರಗಾಲಲ್ಲಿ ಕೂತು, ಪೇಂಟ್ ಬ್ರಶ್ಶಿನಿಂದ ಒಂದೂ ತಪ್ಪದ ಹಾಗೆ ಬಾಟಲಿಗೆ ತಳ್ಳುತ್ತಿದ್ದಳು. “ಯಲ್ಲಾ, ಬೇಗ ಬೇಗ! ಬಾಟ್ಲಿ ನೇರ ಹಿಡೀರಿ! ಇವುಗಳ ಬುದ್ಧಿ ನನಗೆ ಗೊತ್ತುಂಟು.” ಪಾರಿವಾಳಕ್ಕೆ ಕಾಳು ಹಾಕಲು ಬಂದ ಹಿರಿಯರೊಬ್ಬರು ಹಿಂದಿಯಲ್ಲಿ ಏನು ಕಳೆದುಹೋಯಿತೆಂದು ಕೇಳಿ, ಪಾಪ, ತಾವೂ ಬಗ್ಗಿ ಹುಡುಕತೊಡಗಿದರು. ಇರುವೆ ಹಿಡಿಯುತ್ತಿದ್ದೇವೆ ಎಂದೆ. ಅವರು ಕಾಳಿನ ಚೀಲವನ್ನು ಎದೆಗವಚಿಕೊಂಡು ಹೊರಟುಹೋದರು.

ಮೂರು ಬೆಳಿಗ್ಗೆಯೂ ಹಿಡಿದು ತಂದು ಬಿಟ್ಟೆವು. ಮೊದಲೆರಡು ದಿನ ಇರುವೆಗಳು ಅವನ ಕೊಂಬಿನ ಮೇಲೇ ಹತ್ತಿಳಿದವು, ಅವನು ಕಣ್ಣೂ ತೆರೆಯಲಿಲ್ಲ. ಮೂರನೇ ದಿನ ಶಶಿಕಲಾ “ಬಂತು, ನಾಲಗೆ ಬಂತು!” ಎಂದು ಕಿರುಚಿದಳು. ಬಗ್ಗಿ ನೋಡಿದೆ. ಒಂದು ಇರುವೆ ಮಾಯ. ಇನ್ನೊಂದು ಮಾಯ. ಬಾಟಲಿಯನ್ನೆಲ್ಲ ಮುಗಿಸಿ ಮತ್ತೆ ಬೇಕೆಂಬ ಹಾಗೆ ಗಾಜಿನ ಹತ್ತಿರ ಬಂದು ಕೂತ. ಉಳಿದ ದಿನಗಳೆಲ್ಲ ನಾವು ಬೆಳಿಗ್ಗೆ ಐದಕ್ಕೆ ಎದ್ದೆವು.

ಶಿಫಾ ಏರ್‌ಪೋರ್ಟಿನಿಂದ ತನ್ನ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಓಡಿ ಬಂದಳು. ಸುಲ್ತಾನ ಅವಳ ಅಂಗೈಯಲ್ಲಿ ಚಪ್ಪಟೆಯಾಗಿ ಹರಡಿ ಮಲಗಿದ. ನೋಡಿ ನನ್ನ ಎದೆ ಹಗುರಾಯಿತು. ತಡೆಯಲಾರದೆ ಜೆಲ್, ನಲ್ಲಿ, ರಕ್ತ, ಎಲ್ಲವನ್ನೂ ಅವಳಿಗೆ ಒಪ್ಪಿಸಿಬಿಟ್ಟೆ. ಅವಳು ಕಣ್ಣು ಅರಳಿಸಿ ಕೇಳಿದಳು: “ಬ್ಲಡ್? ಒನ್ ಇಯರ್ ಆಯ್ತು, ಅವ ನಮ್ಗೆ ಯಾರಿಗೂ ಬ್ಲಡ್ ಹಾಕ್ಲಿಲ್ಲ!” ಪರೀಕ್ಷೆಗೆಂದು ನಾನು ಒಂದು ಬೆರಳು ಚಾಚಿದೆ. ಸುಲ್ತಾನ ಥಟ್ಟನೆ ಉಬ್ಬಿ, ಕೊಂಬು ತಿರುಗಿಸಿ, ಅವಳ ಮೊಣಕೈಯತ್ತ ಸರಿದ. “ಅಂಕಲ್, ಅವನಿಗೆ ನಿಮ್ಮನ್ನು ಕಂಡ್ರೆ ತುಂಬಾ ಹೆದ್ರಿಕೆ” ಎಂದಳು ಶಿಫಾ.

ನನಗೆ ಬೇಸರವಾಗಬೇಕಿತ್ತು. ಆಯಿತು ಕೂಡ, ಇರುವೆ ಹಿಡಿದು ಹಿಡಿದು ಸೊಂಟ ಬಿದ್ದುಹೋಗಿತ್ತಲ್ಲ. ಆದರೆ ಪೆಟ್ಟಿಗೆಯನ್ನು ಮೇಲೆ ಅವರ ಮನೆಗೆ ಮುಟ್ಟಿಸಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಯೋಚನೆ ಬಂತು. ಹೆಂಡತಿ ನನಗೆ ಹೆದರುವುದಿಲ್ಲ, ಮಗಳು ಹೆದರುವುದಿಲ್ಲ, ವಾಚ್‌ಮ್ಯಾನ್ ನನ್ನನ್ನೇ ಗದರಿಸುತ್ತಾನೆ. ಇಡೀ ಕತಾರಿನಲ್ಲಿ ನನ್ನನ್ನು ತೋಳನೆಂದು ನಂಬಿ ನಡುಗಿದ ಜೀವ ಒಂದು ಇದೆಯಲ್ಲ! ಮರುದಿನ ಆಫೀಸಿನಲ್ಲಿ ಮ್ಯಾನೇಜರು ಎಂದಿನಂತೆ ಕಾಗದದ ಕಟ್ಟನ್ನು ನನ್ನ ಮುಂದೆ ತಳ್ಳಿ, “ಬೇಗ ಸಹಿ ಹಾಕು” ಎಂದರು. ನಾನು ಹಾಕಲಿಲ್ಲ. ಉಸಿರೆಳೆದು ಎದೆಯುಬ್ಬಿಸಿ, ಕತ್ತು ನಿಗುರಿಸಿ, ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತ ನಿಂತೆ. ಅವರು ಕ್ಷಣಹೊತ್ತು ಗಾಬರಿಯಾದದ್ದಂತೂ ನಿಜ. “ಏನು ಶೆಟ್ಟಿ, ಗ್ಯಾಸ್ ಟ್ರಬಲ್ಲಾ?” ಎಂದು ಡ್ರಾಯರಿನಿಂದ ಒಂದು ಮಾತ್ರೆ ತೆಗೆದುಕೊಟ್ಟರು. ಅದನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ಊಟವಾದ ಮೇಲೋ ಎಂದು ನಾನು ವಿನಯದಿಂದ ಕೇಳಿದೆ.