ಪಾಯಿಂಟು ನಂದು, ಹಾಜರಿ ಕಾಕಾಂದು

ಡಾಕ್ಟರರನ್ನು ಮತ್ತೆ ಓದಿಸಲು ಯಾರಾದರೂ ಹೊರಟಾಗಲೆಲ್ಲ ನಮ್ಮ ಭಾಗದಲ್ಲಿ ಇಂಥದ್ದೊಂದು ನಡೆದೇ ನಡೆಯುತ್ತದೆ. ನನ್ನ ದವಾಖಾನೆ ರಾಯಬಾಗದಲ್ಲಿದೆ. ತಲೆ ಬೆಳ್ಳಗಾದರೂ ನಮ್ಮ ನೋಂದಣಿ ಮುಂದುವರಿಯಬೇಕೆಂದರೆ ಹೊಸ ಚಿಕಿತ್ಸೆಗಳ ಉಪನ್ಯಾಸಕ್ಕೆ ಹೋಗಿ ಪಾಯಿಂಟು ಗಳಿಸಬೇಕು. ಈ ಸಲ ನನಗೆ ಪಾಯಿಂಟು ಕಮ್ಮಿ ಬಿದ್ದಿದ್ದವು. ತುಂಬದಿದ್ದರೆ ಬಾಗಿಲ ಮೇಲಿನ ಬೋರ್ಡು ಇಳಿಸಬೇಕು. ಮೂವತ್ತು ವರ್ಷ ಸೂಜಿ ಚುಚ್ಚಿದವನಿಗೆ ಇದಕ್ಕಿಂತ ದೊಡ್ಡ ಚುಚ್ಚು ಯಾವುದು?

ನಿಪ್ಪಾಣಿಯ ಹಸಿವು

ಮೊದಲು ಹಾಜರಿ ಪುಸ್ತಕ ಬಾಗಿಲಲ್ಲೇ ಇರುತ್ತಿತ್ತು. ಸಹಿ ಮಾಡಿದವರು ಹಾಗೇ ತಿರುಗಿ ಕಾರು ಹತ್ತುತ್ತಿದ್ದರು. ನಿಪ್ಪಾಣಿಯಲ್ಲಿ ಸಂಘಟಕರು ಜಾಣರಾದರು. ಸಹಿ, ಊಟ ಎರಡೂ ಕೊನೆಯ ಭಾಷಣ ಮುಗಿದ ಮೇಲೆ ಎಂದುಬಿಟ್ಟರು.

ಎರಡೂವರೆಯಾದರೂ ಭಾಷಣ ಮುಗಿಯಲಿಲ್ಲ. ಪಕ್ಕದ ಕೋಣೆಯಿಂದ ತಾಂಬಡಾ ರಸ್ಸಾದ, ಅಂದರೆ ಮಟನ್ನಿನ ಕೆಂಪು ಸಾರಿನ, ವಾಸನೆ ಬೇರೆ. ವೇದಿಕೆಯ ತಜ್ಞರು ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಬಂದ ಹೊಸ ಇಂಜೆಕ್ಷನ್ನನ್ನು ಹೊಗಳುತ್ತಿದ್ದರು. "ಇದನ್ನು ತೆಗೆದುಕೊಂಡವರಿಗೆ ಹಸಿವು ಅಡಗುತ್ತದೆ, ಊಟದ ನೆನಪೂ ಆಗುವುದಿಲ್ಲ!"

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಡಾಕ್ಟರು ಅಂಗಿಯ ತೋಳು ಮಡಚುತ್ತ ಎದ್ದರು. "ಹಂಗಿದ್ರ ನಮಗೂ ಒಂದೊಂದು ಹಾಕಿಬಿಡ್ರಿ ಸರ. ಆಮ್ಯಾಲ ನೀವು ಸಂಜೀತನಕಾ ಮಾತಾಡ್ರಿ."

ಮಗ್ಗಲ ಹೊಲ

ಮರುದಿನ ಅದೇ ಹುರುಪಿನಲ್ಲಿ ಸಕ್ಕರೆ ಕಾಯಿಲೆಯಿದ್ದ ದಿಗ್ಗೇವಾಡಿಯ ಕಬ್ಬಿನ ರೈತರೊಬ್ಬರಿಗೆ ಆ ಇಂಜೆಕ್ಷನ್ ಬಗ್ಗೆ ಹೇಳಿದೆ. "ವಾರಕ್ಕ ಒಂದ ಸೂಜಿ ಸಾಕ್ರಿ ಗೌಡ್ರ."

ಅವರು ಗಡ್ಡ ಕೆರೆದುಕೊಂಡರು. "ನಿಮಗ ಇದು ಯಾವಾಗ ತಿಳೀತ್ರಿ?"

"ನಿನ್ನಿ."

"ನಿನ್ನಿ ಕಲ್ತದ್ದು ಇವತ್ತ ನನ್ನ ಮ್ಯಾಲರಿ? ಹೊಸಾ ಕಬ್ಬಿನ ಬೀಜಾನೂ ನಾ ಮೊದಲ ಮಗ್ಗಲ ಹೊಲದಾಗ ನೋಡ್ತೀನ್ರಿ. ಮೊದಲ ಜುಗೂಳ ಊರ ಮಂದಿಗೆ ಹಾಕ್ರಿ. ಅವರು ಉಳದ್ರ ನಾ ಬರ್ತೀನಿ."

ಚಿಕ್ಕೋಡಿಯ ಬಹುಮಾನ

ಚಿಕ್ಕೋಡಿಯ ಉಪನ್ಯಾಸದ ದಿನ ದವಾಖಾನೆ ತುಂಬಿ ತುಳುಕುತ್ತಿತ್ತು. ನನ್ನ ಕಾಂಪೌಂಡರ್ ನನಗಿಂತ ಹಿರಿಯರು, ಊರಿಗೆಲ್ಲ ಕಾಕಾ. ಅವರಿಗೆ ನನ್ನ ಕೋಟು ತೊಡಿಸಿ, "ಕಾಕಾ, ನನ್ನ ಹೆಸರಿಲೆ ಸಹಿ ಮಾಡಿ ಬರ್ರಿ, ಅಷ್ಟ" ಎಂದು ಕಳಿಸಿದೆ. ತಪ್ಪೇ, ಒಪ್ಪುತ್ತೇನೆ. ಸಂಘಟಕರು ಹೊರಗಿನವರು, ನನ್ನ ಮುಖ ಕಂಡವರಲ್ಲ ಎಂಬ ಧೈರ್ಯ.

ಸಂಜೆ ಕಾಕಾ ದೊಡ್ಡದೊಂದು ಶೀಲ್ಡ್ ಹಿಡಿದುಕೊಂಡು ಬಂದರು. "ಪ್ರಶ್ನೆ ಕೇಳಿದ್ರ ಸರ. ಯಾರೂ ಬಾಯಿ ಬಿಡಲಿಲ್ಲ. ನಾ ಅಷ್ಟೂ ಬರೋಬರ ಹೇಳೀನಿ. ನಿಮಗ ಮೊದಲನೇ ನಂಬರ!"

ನಾನು ಹಿಗ್ಗಿದೆ. ಕಾಕಾ ಮುಂದುವರಿಸಿದರು. "ಮುಂದಿನ ಸಲ ಅಥಣ್ಯಾಗ ಕಿಡ್ನಿ ಜಡ್ಡಿನ ಹೊಸಾ ಔಷಧದ ಮ್ಯಾಲ ನಿಮ್ಮದ ಭಾಷಣ ಅಂತ್ರಿ. ಡಬಲ್ ಪಾಯಿಂಟ. ನಾ ಹೂಂ ಅಂದ ಬಂದೀನಿ."

ಅಥಣಿಯ ಭಾಷಣ

ವಾರವಿಡೀ ಕಾಕಾ ನನಗೆ ಪಾಠ ಹೇಳಿದರು. "ಸಕ್ರಿ ಜಡ್ಡಿಗಂತ ಬಂದ ಗುಳಿಗಿ ಈಗ ಕಿಡ್ನಿನೂ ಕಾಯ್ತೈತಿ, ತಲಿಯಾಗ ಇಟ್ಕೋರಿ ಸರ."

ಅಥಣಿಯಲ್ಲಿ ಸಂಘಟಕರು ಬೇರೆ, ನಮ್ಮಿಬ್ಬರ ಮುಖವನ್ನೂ ಕಂಡವರಲ್ಲ. ಕಾಕಾನನ್ನು ಸಭೆಯಲ್ಲಿ ಕೂರಿಸಿ ನಾನು ವೇದಿಕೆ ಹತ್ತಿದೆ. ಸಭಿಕರನ್ನು ಕಂಡು ಮನಸ್ಸು ತುಂಬಿ ಬಂತು. ಒಬ್ಬರೂ ತೂಕಡಿಸುತ್ತಿಲ್ಲ, ಒಬ್ಬರೂ ಮೊಬೈಲ್ ನೋಡುತ್ತಿಲ್ಲ, ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಾರೆ. ನಮ್ಮ ವೃತ್ತಿಗೆ ಇನ್ನೂ ಒಳ್ಳೆಯ ಕಾಲವಿದೆ ಅಂದುಕೊಂಡೆ.

ಕಾಗವಾಡದ ಒಬ್ಬರು ಎದ್ದರು. "ವಾಂತಿ-ಭೇದಿ ಹತ್ತಿದಾಗ ಈ ಗುಳಿಗಿ ನುಂಗಬೇಕೋ, ಬಿಡಬೇಕೋರಿ?"

ಕಾಕಾ ಹೇಳಿಕೊಟ್ಟಿದ್ದರು. ಸುಡುಗಾಡು, ನೆನಪಿಗೇ ಬರಲಿಲ್ಲ. ನಾನು ನೀರು ಕುಡಿದೆ. ಮತ್ತೊಮ್ಮೆ ಕುಡಿದೆ.

ಕಾಗವಾಡದವರು ಬಾಗಿಲತ್ತ ನೋಡಿದರು. ಸಂಘಟಕರು ಊಟದ ವ್ಯವಸ್ಥೆಗೆ ಹೊರಗೆ ಹೋಗಿದ್ದರು. ಆಮೇಲೆ ಮೆಲ್ಲಗೆ ಅಂದರು: "ತಪ್ಪ ತಿಳೀಬ್ಯಾಡ್ರಿ ಸರ. ಇಲ್ಲಿ ನಾವೆಲ್ಲಾ ಕಾಂಪೌಂಡರ್ ಮಂದಿ, ನಮ್ಮ ನಮ್ಮ ಡಾಕ್ಟರ ಹೆಸರಿಲೆ ಬಂದೀವಿ. ಸಂಜಿಕೆ ಅವರಿಗೆ ತಿಳಿಸಿ ಹೇಳಬೇಕ್ರಿ. ನೀವೊಬ್ಬರ ಖರೇ ಡಾಕ್ಟರು ಬಂದೀರಿ, ಹಿಂಗಾಗಿ ಏನೂ ತಿಳೀವಲ್ತು. ಕಾಕಾನ್ನ ಹತ್ತಸ್ರಿ."

ಕಾಕಾ ವೇದಿಕೆ ಹತ್ತಿದರು. "ವಾಂತಿ-ಭೇದಿ ಇದ್ದಾಗ ನಿಲ್ಲಸ್ರಿ, ಆರಾಮಾದ ಮ್ಯಾಲ ಡಾಕ್ಟರನ್ನ ಕೇಳಿ ಮತ್ತ ಚಾಲೂ ಮಾಡ್ರಿ." ಸಭೆ ಚಪ್ಪಾಳೆ ತಟ್ಟಿತು. ನನಗೆ ನಾಚಿಕೆಯಾಯಿತು. ಕಾಕಾನ ಕುರ್ಚಿಯಲ್ಲಿ ಕೂತು, ಎಷ್ಟೋ ವರ್ಷಗಳ ಮೇಲೆ ಪೆನ್ನು ಬಿಚ್ಚಿ ಬರೆದುಕೊಂಡೆ.

ಆಗ ತಡವಾಗಿ ಬಂದ ಒಬ್ಬರು ಪಕ್ಕದಲ್ಲಿ ಕೂತು ಪಿಸುಗುಟ್ಟಿದರು: "ನೀವು ಯಾವ ಡಾಕ್ಟರ ಕಡಿಂದ ಬಂದೀರಿ?"

ನಾನು ನನ್ನದೇ ಹೆಸರು ಹೇಳಿದೆ.

"ಹೆಂಗ ಅದಾರ್ರಿ ಅವ್ರು? ಚಲೋ ಡಾಕ್ಟರೇನು?"

ವೇದಿಕೆಯ ಮೇಲಿದ್ದ ಕಾಕಾನ ಕಡೆ ಒಮ್ಮೆ ನೋಡಿ ಹೇಳಿದೆ: "ಇವತ್ತಿಂದ ಕಲಿಯಾಕ ಚಾಲೂ ಮಾಡ್ಯಾರ್ರಿ."