ಬೆಟ್ಟದವರು ಅಳೆದ ಕಡಲು

ಕಡಲಿಲ್ಲದ ಊರಿನವನಿಗೆ ಕಡಲು ಅಳೆಯುವ ಕೆಲಸ ಸಿಕ್ಕಿದರೆ ನಗೆಪಾಟಲಿಗೆ ಬೇರೆ ಏರ್ಪಾಡೇ ಬೇಕಿಲ್ಲ. ಅದು ತಾನಾಗಿ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ವಯನಾಡು ಜಿಲ್ಲೆಯಾಗಿ ಇನ್ನೂ ಹೊಸತು. ಆ ದಿನಗಳಲ್ಲಿ ಅಲ್ಲಿನ ಬೆಟ್ಟದೂರು ನೂಲ್ಪುಳದ ಭತ್ತದ ಗದ್ದೆಯಿಂದ ಎದ್ದು ಹೋದ ನನಗೆ ಘಾಟಿಯ ಕೆಳಗೆ, ಒಂದು ಬಂದರಿನ ಪಕ್ಕದ ಕಚೇರಿಯಲ್ಲಿ ಕೆಲಸವಾಯಿತು. ಬಂದರಿಗೆಂದು ಕಡಲೊಳಗೆ ಕಲ್ಲಿನ ಗೋಡೆ ಕಟ್ಟಿದರೆ ಅದರ ಒಂದು ಬದಿಗೆ ಮರಳು ಬಂದು ಬೀಳುತ್ತದೆ, ಇನ್ನೊಂದು ಬದಿಯಲ್ಲಿ ಕಡಲು ದಡವನ್ನು ತಿನ್ನುತ್ತದೆ. ಎಲ್ಲಿ ಎಷ್ಟು ಎಂದು ತಿಳಿಯಲು ಉಪಗ್ರಹ ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಗಾಜಿನ ಮೇಜಿನ ಮೇಲಿಟ್ಟು, ಅಡಿಯಿಂದ ದೀಪ ಹಾಕಿ, ದಡದ ಗೆರೆಯನ್ನು ತೆಳು ಕಾಗದದ ಮೇಲೆ ಎಳೆಯಬೇಕು. ಅಷ್ಟೇ ಕೆಲಸ.

ಕೆಂಪು ಕಾಡು

ಕಚೇರಿಯಲ್ಲಿ ಬೇಡವಾಗಿ ಬಿದ್ದಿದ್ದ ವಯನಾಡಿನ ಚಿತ್ರವೊಂದನ್ನು ನಮ್ಮ ಮೇಲಧಿಕಾರಿ ಸಾರ್ ಅವರನ್ನು ಕೇಳಿ ಊರಿಗೆ ಒಯ್ದೆ. ನನ್ನ ಸೋದರಮಾವ ಅದನ್ನು ಬಿಸಿಲಿಗೆ ಹಿಡಿದು ನೋಡಿದವರೇ ಗಾಬರಿಯಾದರು.

"ಅಯ್ಯೋ ಕಷ್ಟಂ! ಇದೇನ್ಲಾ, ಕಾಡೆಲ್ಲ ಕೆಂಪಗದೆ? ಬೆಂಕಿ ಬಿದ್ದಿತ್ತಾ?"

ಕಣ್ಣಿಗೆ ಕಾಣದ ಬೆಳಕನ್ನು ಆ ಯಂತ್ರ ಹಿಡಿಯುತ್ತದೆ, ಅದಕ್ಕೆ ಹಸಿರು ಎಲೆಯನ್ನು ಕೆಂಪಾಗಿ ತೋರಿಸುತ್ತಾರೆ ಎಂದು ವಿವರಿಸಿದೆ. ಮಾವನಿಗೆ ಕುತೂಹಲ ಜಾಸ್ತಿ. ಎಲೆ ಅಡಿಕೆ ಜಗಿಯುತ್ತಾ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾರೆ ನಮ್ಮ ಕೆಂದ ಹಸ ಮೇಲಿಂದ ಹಸ್ರಾಗಿ ಕಾಣ್ತದಾ?"

ಸೋಮವಾರ ಸಾರ್ ಅವರನ್ನೇ ಕೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮಧ್ಯಾಹ್ನದ ಊಟವಾದ ಮೇಲೆ ನನ್ನನ್ನು ಕರೆದು ಹೇಳಿದರು: "ಅಷ್ಟು ಮೇಲಿನಿಂದ ಹಸು ಕಾಣುವುದಿಲ್ಲ. ಆದಕಾರಣ ಪ್ರಶ್ನೆಯೇ ಉದ್ಭವಿಸುವುದಿಲ್ಲ."

ದ್ವೀಪ

ಒಂದು ಚಿತ್ರದಲ್ಲಿ ಬಂದರಿನ ಎದುರು, ಕಪ್ಪು ನೀರಿನ ನಡುವೆ ಬೆಳ್ಳಗೆ ಏನೋ ಕಂಡಿತು. ಹಿಂದಿನ ಚಿತ್ರದಲ್ಲಿ ಅದು ಇರಲಿಲ್ಲ. ಯಾರಿಗೂ ಹೇಳದೆ ಅದರ ಸುತ್ತ ಗೆರೆ ಎಳೆದು 'ಹೊಸ ದ್ವೀಪ' ಎಂದು ಬರೆದೆ. ಮುಂದಿನ ಚಿತ್ರ ಬಂತು, ದ್ವೀಪ ಮಾಯ. ದುಃಖದಿಂದಲೇ 'ದ್ವೀಪ ಪೂರ್ತಿ ಕೊಚ್ಚಿಹೋಗಿದೆ' ಎಂದು ಬರೆದು ಸಾರ್ ಮೇಜಿನ ಮೇಲಿಟ್ಟೆ.

ಸಾರ್ ಓದಿದರು. ಬೈಯಲಿಲ್ಲ, ನನ್ನ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು.

"ಎಡೋ, ಅಲ್ಲಿ ನೋಡು. ನಿನ್ನ ದ್ವೀಪ ವಾಪಸ್ ಬಂದು ಸಿಮೆಂಟು ಇಳಿಸುತ್ತಿದೆ."

ಗಂಡಿನ ಮನೆ

ಆ ಹೊತ್ತಿಗೆ ನನ್ನ ತಂಗಿಗೆ ಅದೇ ಬಂದರಿನ ಕಡೆಯಿಂದ ಸಂಬಂಧ ಬಂತು. ಮೈಸೂರು ಸೀಮೆಯಿಂದ ಹೋಗಿ ಬಲೆ, ಹಗ್ಗದ ಅಂಗಡಿ ಇಟ್ಟುಕೊಂಡ ನಮ್ಮವರೇ. ಹುಡುಗ ತಂಗಿಗೆ ಇಷ್ಟವಾಗಿದ್ದ. ಅಪ್ಪ ಇಲ್ಲದ ಮನೆ, ಮಾವ ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ.

ನಮ್ಮವರಲ್ಲಿ ಒಪ್ಪುವ ಮುಂಚೆ ಗಂಡಿನ ಮನೆ ನೋಡುವ ಪದ್ಧತಿ. "ಬಸ್ಸಿಗ್ಯಾಕೆ ಹೋಗನ? ನೀನು ಮೇಲಿಂದ್ಲೇ ತೋರ್ಸು" ಎಂದು ಹೇಳಲು ಮಾವ ಬಸ್ಸು ಹತ್ತಿ ಕಚೇರಿಗೇ ಬಂದುಬಿಟ್ಟರು.

ಭೂತಗನ್ನಡಿ ಕೊಟ್ಟೆ. ಗಂಡಿನ ಮನೆ, ಅಂಗಡಿ, ಬಾವಿ, ತೆಂಗಿನ ತೋಟ ಎಲ್ಲ ಸೇರಿ ಚಿತ್ರದಲ್ಲಿ ಒಂದೇ ಚುಕ್ಕೆ. ಹಳೆಯ ಚಿತ್ರದಲ್ಲಿ ಆ ಚುಕ್ಕೆಗೂ ಕಪ್ಪು ನೀರಿಗೂ ನಡುವೆ ಮರಳಿನ ಇನ್ನೊಂದು ಬಿಳಿ ಚುಕ್ಕೆ ಇತ್ತು. ಹೊಸದರಲ್ಲಿ ಅದು ಇರಲಿಲ್ಲ.

"ಕಡ್ಲು ಅಂಗ್ಳಕ್ಕೆ ಬಂದದೆ ಕಣ್ಲಾ! ನಾಳೆ ಅಡುಗೆಮನೆ, ನಾಡಿದ್ದು ನಿನ್ನ ತಂಗಿ!"

ನಾನು ಎಳೆದ ಗೆರೆಯೂ ಅದನ್ನೇ ಹೇಳುತ್ತಿತ್ತು. ಊರಿಗೆ ಸುದ್ದಿ ಮುಟ್ಟಿದಾಗ ತಂಗಿಯ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಅಳಲಿಲ್ಲ. ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದಳು.

"ಅಣ್ಣ, ಆ ಗೆರೆಯ ಪೆನ್ಸಿಲ್ನಲ್ಲಿ ತಾನೆ ಎಳ್ದಿರದು? ಅಳ್ಸಿ, ವಸಿ ಆಚೆಗೆ ಎಳಿ."

ಮಾವನ ಗೂಟ

ಕೊನೆಗೆ ತಂಗಿಯ ಹಟಕ್ಕೆ ಮಣಿದು, ಒಂದು ಸಲ ಕಣ್ಣಾರೆ ನೋಡಿ ಬೇಡ ಎನ್ನೋಣವೆಂದು ಮಾವ ನನ್ನ ಜೊತೆ ಹೊರಟರು. ಬೆಳಿಗ್ಗೆ ಅಲ್ಲಿ ತಲುಪಿದವರು ಗಂಡಿನವರು ಕೊಟ್ಟ ಕಾಫಿಯನ್ನೂ ಮುಟ್ಟದೆ ಕಡಲ ಅಂಚಿಗೆ ನಡೆದು, ಊರಿನಿಂದಲೇ ತಂದಿದ್ದ ಬಿದಿರಿನ ಗೂಟವನ್ನು ನೀರಿನ ಅಂಚಿಗೆ ಸರಿಯಾಗಿ ಹೊಡೆದರು. ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನಮ್ಮ ಗದ್ದೆ ಬದುವಿನಲ್ಲಿ ನೋಡುವುದೇ ಹಾಗೆ.

ಊಟಕ್ಕೆ ಮೀನು, ಹಪ್ಪಳ, ಪಾಯಸ. ಕೈ ತೊಳೆದು ಹೋಗಿ ನೋಡಿದರೆ ಗೂಟ ಮುಳುಗಿಹೋಗಿತ್ತು.

"ನೋಡ್ದಾ? ಪಾಯ್ಸ ಕುಡ್ಯೋ ಹೊತ್ಗೆ ಇಷ್ಟು ತಿಂದದೆ. ಮದ್ವೆ ಗಂಟ ಮನೆ ಎಲ್ಲುಳಿತದೆ? ಏಳು, ಹೋಗನ."

ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದು ನಗು ತಡೆದುಕೊಂಡರು. "ಚಾ ಕುಡ್ದು ಹೋಗಿ ಬೀಗ್ರೆ. ಅದೂ ವಾಪಸ್ ಹೋಯ್ತದೆ, ನೀವೂ ಹೋಗೀರಂತೆ."

ಸಂಜೆ ಹೊತ್ತಿಗೆ ಗೂಟ ಮರಳಿನಲ್ಲಿ ಒಣಗಿ ನಿಂತಿತ್ತು. ಮಾವ ಅದನ್ನು ಅಲ್ಲಾಡಿಸಿ ನೋಡಿದರು, ಯಾರಾದರೂ ಕಿತ್ತು ಬೇರೆ ಕಡೆ ನೆಟ್ಟರೇ ಎಂದು. ನನಗೆ ಆಗ ಹೊಳೆಯಿತು. ಆ ಎರಡು ಚಿತ್ರ ತೆಗೆಯುವಾಗ ಉಬ್ಬರವಿತ್ತೋ ಇಳಿತವಿತ್ತೋ ಎಂದು ನಾನು ನೋಡಿಯೇ ಇರಲಿಲ್ಲ! ಮರುದಿನ ಬಂದರಿನಲ್ಲಿ ವಿಚಾರಿಸಿದೆ. ಹಳೆಯದು ಇಳಿತದ ಹೊತ್ತಿನದು, ಹೊಸದು ತುಂಬು ಉಬ್ಬರದ್ದು. ದಡ ಇದ್ದಲ್ಲೇ ಇತ್ತು. ಮಾವ ಗೂಟ ಹೊಡೆದು ಮಾಡಿದ ತಪ್ಪನ್ನೇ ನಾನು ಆಕಾಶದಿಂದ ಮಾಡಿದ್ದೆ. ಮಾವನಿಗೆ ಅದನ್ನು ಹೇಳಿದರೆ ಅವರು ನಗಲಿಲ್ಲ, ಬಹಳ ಮರ್ಯಾದೆಯಿಂದ ಸಮಾಧಾನ ಮಾಡಿದರು.

"ಹೋಗ್ಲಿ ಬುಡು. ನನ್ನ ಗೂಟಕ್ಕೆ ಸರ್ಕಾರ ಸಂಬ್ಳ ಕೊಡಾಕಿಲ್ಲ."

ಮುಹೂರ್ತ

ಮಾವ ಒಪ್ಪಿದರು, ಒಂದು ಷರತ್ತಿನ ಮೇಲೆ. ನಮ್ಮವರಲ್ಲಿ ಮದುವೆ ಗಂಡಿನ ಮನೆಯಲ್ಲಿ. ಮುಹೂರ್ತ ಮಾತ್ರ ಇಳಿತದ ಹೊತ್ತಿಗೇ ಆಗಬೇಕು. ಪುರೋಹಿತರು ಪಂಚಾಂಗದ ಪಕ್ಕದಲ್ಲಿ ಬಂದರಿನ ಉಬ್ಬರ ಇಳಿತದ ಪಟ್ಟಿ ಇಟ್ಟುಕೊಂಡು ಕೂತರು. ಗುರುಬಲ ಇದ್ದಲ್ಲಿ ಉಬ್ಬರ, ಇಳಿತವಿದ್ದಲ್ಲಿ ರಾಹುಕಾಲ. ಅವರು ಕೈ ಚೆಲ್ಲಿದ ಮೇಲೆ ಮಾವ ಗೆದ್ದವರಂತೆ ಎದ್ದು, "ನಮ್ಮೂರಲ್ಲೇ ಮಾಡನ. ಬೆಟ್ಟಕ್ಕೆ ಯಾವ ಕಡ್ಲು ಬತ್ತದೆ?" ಎಂದರು.

ಮೇ ತಿಂಗಳ ಕೊನೆ. ಮಳೆಗೆ ಇನ್ನೂ ದಿನ ಇದೆ ಎಂದುಕೊಂಡಿದ್ದೆವು. ಧಾರೆಯ ಬೆಳಿಗ್ಗೆ ಕಾಡಿನ ಮೇಲೆ ಒಂದೇ ಸಮನೆ ಸುರಿದು, ಮನೆ ಮುಂದಿನ ತೋಡು ಉಕ್ಕಿ ಅಂಗಳಕ್ಕೇ ಬಂತು. ಚಪ್ಪರದ ಕಂಬದ ಬುಡದಲ್ಲಿ ನೀರು. ಒಲೆಯ ಬೆಂಕಿ ಆರಿತು, ಚಪ್ಪಲಿಗಳು ಸಾಲಾಗಿ ತೇಲಿ ಗದ್ದೆ ಕಡೆ ಹೊರಟವು. ಹುಟ್ಟಿದಂದಿನಿಂದ ಕಡಲ ಬದಿಯಲ್ಲಿ ಬದುಕಿದ ಬೀಗರೆಲ್ಲ ಮೊಣಕಾಲಿಗೆ ಬಟ್ಟೆ ಎತ್ತಿಕೊಂಡು ಜಗಲಿ ಹತ್ತಿ ನಿಂತರು. ಹುಡುಗನ ತಾಯಿ ಬಹಳ ವಿನಯದಿಂದ ಕೇಳಿದರು:

"ನಮ್ಮ ಕಡ್ಲು ಹೊತ್ಗೆ ಸರಿಯಾಗಿ ವಾಪಸ್ ಹೋಯ್ತದೆ ಬೀಗ್ರೆ. ನಿಮ್ಮದು ಎಷ್ಟೊತ್ಗೆ?"

ಮಾವನಿಗೆ ಮಾನದ ಪ್ರಶ್ನೆ. ಇದು ಈಗ ಇಳಿಯುತ್ತದೆ ಎಂದು ಅವರು, ಇಲ್ಲ ಇನ್ನೂ ಏರುತ್ತಿದೆ ಎಂದು ಹುಡುಗನ ತಂದೆ. ಇಬ್ಬರೂ ಮೆಟ್ಟಿಲ ಮೇಲೆ ಬಗ್ಗಿ ನೀರನ್ನೇ ನೋಡುತ್ತಾ ವಾದಕ್ಕೆ ನಿಂತರು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಆಗ ಅಂತರಪಟದ ಹಿಂದಿನಿಂದ, ಬೆಳಗಿನಿಂದ ತಲೆ ತಗ್ಗಿಸಿ ಕೂತಿದ್ದ ನನ್ನ ತಂಗಿಯ ದನಿ ಇಡೀ ಚಪ್ಪರಕ್ಕೆ ಕೇಳಿತು:

"ಮಾವಾ, ಮೊದ್ಲು ತಾಳಿ ಕಟ್ಸಿ! ನೀರಿನ ಪಂಚಾತಿಕೆ ಆಮೇಕೆ ಮಾಡ್ಕಳಿ!"